60 ಹರ್ಟ್ಸ್ ಐ ಟ್ರ್ಯಾಕರ್: ಒಂದೇ ಫಿಕ್ಸೇಶನ್ ತುಂಡು ತುಂಡಾಗುತ್ತಿದೆ

ಪ್ರಶ್ನೆ (ಬದಿಯಡ್ಕದಿಂದ)

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡ, ಮಲಯಾಳ ಎರಡನ್ನೂ ಓದುವಾಗ ಕಣ್ಣು ಹೇಗೆ ಓಡುತ್ತದೆ ಅಂತ ನೋಡುತ್ತಿದ್ದೇನೆ. ಕಣ್ಣು ಎಲ್ಲಿ ನೋಡುತ್ತಿದೆ ಅಂತ ಅಳೆಯುವ ಟ್ರ್ಯಾಕರ್ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸ್ಯಾಂಪಲ್ (ಅಳತೆ). ಸ್ಕ್ರೀನ್ 1920 ಪಿಕ್ಸೆಲ್, ಅಗಲ 53 ಸೆಂ.ಮೀ. ಮಗು ಕೂರುವುದು 60 ಸೆಂ.ಮೀ. ದೂರದಲ್ಲಿ.

ಪೈಥಾನ್‌ನಲ್ಲಿ ನನ್ನದೇ ಮೆಥಡ್ ಬರೆದಿದ್ದೇನೆ. ಕಣ್ಣಿನ ವೇಗ ಸೆಕೆಂಡಿಗೆ 30 ಡಿಗ್ರಿ ದಾಟಿದರೆ ಸಕೇಡ್ (ಕಣ್ಣಿನ ಜಿಗಿತ), ಇಲ್ಲದಿದ್ದರೆ ಫಿಕ್ಸೇಶನ್ (ಕಣ್ಣು ಒಂದೆಡೆ ನಿಲ್ಲುವುದು). ಆದರೆ ಮಗು ಒಂದೇ ಪದ ನೋಡುತ್ತಿದ್ದರೂ ಫಿಕ್ಸೇಶನ್ ತುಂಡಾಗುತ್ತದೆ. ಕೆಲವು ಬರೀ 33 ಮಿಲಿಸೆಕೆಂಡ್! ಮಿತಿಯನ್ನು 100ಕ್ಕೆ ಏರಿಸಿದರೆ ಚಿಕ್ಕ ಸಕೇಡ್‌ಗಳೇ ಮಾಯ. ಏನು ಮಾಡಲಿ?

ಉತ್ತರ (ಮಂಜೇಶ್ವರದಿಂದ)

ಮಿತಿಯನ್ನು ಸುಮ್ನೆ ಏರಿಸಿ ಇಳಿಸಿ ಪ್ರಯೋಜನವಿಲ್ಲ. ಲೆಕ್ಕ ನೋಡಿ. ನಿಮ್ಮ ಸ್ಕ್ರೀನಿನಲ್ಲಿ 1 ಡಿಗ್ರಿ ಅಂದರೆ ಸುಮಾರು 38 ಪಿಕ್ಸೆಲ್. ಎರಡು ಸ್ಯಾಂಪಲ್ ನಡುವೆ 16.7 ಮಿಲಿಸೆಕೆಂಡ್. ಕಣ್ಣು ನಿಂತೇ ಇದ್ದರೂ ಟ್ರ್ಯಾಕರ್ ತೋರಿಸುವ ನೋಟದ ಬಿಂದು 19 ಪಿಕ್ಸೆಲ್ ಅಲುಗಿದರೆ ಸಾಕು, ವೇಗ 30 ಡಿಗ್ರಿ ಆಗಿಬಿಡುತ್ತದೆ. ಮಕ್ಕಳ ಡೇಟಾದಲ್ಲಿ ಅಷ್ಟು ಅಲುಗಾಟ ಮಾಮೂಲು. ಓದುವಾಗಿನ ಸಕೇಡ್ ಹೆಚ್ಚಾಗಿ 20ರಿಂದ 40 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಅಂದರೆ ನಿಮಗೆ ಸಿಗುವುದು ಒಂದೋ ಎರಡೋ ಸ್ಯಾಂಪಲ್. ಇಷ್ಟರಲ್ಲಿ ವೇಗ ಅಳೆಯುವುದೇ ಕಷ್ಟ, ಅಲ್ವಾ?

ಹಾಗಾಗಿ ವೇಗ ಬಿಟ್ಟು ಹರವು, ಅಂದರೆ ಬಿಂದುಗಳು ಎಷ್ಟು ಚದುರಿವೆ ಅಂತ ನೋಡಿ. ಸಂಶೋಧಕರಾದ ಸಾಲ್ವುಚಿ ಮತ್ತು ಗೋಲ್ಡ್‌ಬರ್ಗ್ 2000ರಲ್ಲಿ ಈ ಎರಡೂ ಬಗೆಗಳನ್ನು ಹೋಲಿಸಿ ಬರೆದಿದ್ದಾರೆ. ಹರವಿನದಕ್ಕೆ ಐ-ಡಿಟಿ ಅನ್ನುತ್ತಾರೆ. 100 ಮಿಲಿಸೆಕೆಂಡಿನ ಕಿಟಕಿ, ಅಂದರೆ 6 ಸ್ಯಾಂಪಲ್ ತೆಗೆದುಕೊಳ್ಳಿ. ಅಡ್ಡದ ಹರವು, ಉದ್ದದ ಹರವು ಎರಡನ್ನೂ ಕೂಡಿಸಿ. ಮೊತ್ತ 1 ಡಿಗ್ರಿಯೊಳಗಿದ್ದರೆ ಕಿಟಕಿಯನ್ನು ಒಂದೊಂದೇ ಸ್ಯಾಂಪಲ್ ಹಿಗ್ಗಿಸುತ್ತಾ ಹೋಗಿ. ದಾಟಿದಲ್ಲಿಗೆ ಫಿಕ್ಸೇಶನ್ ಮುಗಿಯಿತು. ಮೊದಲ ಕಿಟಕಿಯೇ ದಾಟಿದರೆ ಒಂದು ಸ್ಯಾಂಪಲ್ ಬಿಟ್ಟು ಮುಂದೆ ಸರಿಯಿರಿ.

ಅದಕ್ಕೂ ಮೊದಲು ಮೂರು ಸ್ಯಾಂಪಲ್‌ನ ಮೀಡಿಯನ್ ಫಿಲ್ಟರ್ (ಮೂರರಲ್ಲಿ ನಡುವಿನ ಬೆಲೆಯನ್ನು ಮಾತ್ರ ಇಟ್ಟುಕೊಳ್ಳುವುದು) ಹಾಕಿ. ಸರಾಸರಿ ಬೇಡ, ಅದು ಸಕೇಡಿನ ಅಂಚನ್ನೇ ಸವೆಸುತ್ತದೆ.

ಇನ್ನೊಂದು ಮುಖ್ಯ ವಿಷಯ, ರೆಪ್ಪೆ ಬಡಿತ. ರೆಪ್ಪೆ ಅರ್ಧ ಮುಚ್ಚಿದಾಗ ಟ್ರ್ಯಾಕರಿಗೆ ಪಾಪೆ ಪೂರ್ತಿ ಕಾಣುವುದಿಲ್ಲ, ಬಿಂದು ಮೇಲೆ ಕೆಳಗೆ ಹಾರುತ್ತದೆ. ರೆಪ್ಪೆ ಮುಚ್ಚಿ ಡೇಟಾ ಸಿಗದ ಖಾಲಿ ಜಾಗದ ಎರಡೂ ಕಡೆ ಮೂರು ಮೂರು ಸ್ಯಾಂಪಲ್ ಕಿತ್ತುಹಾಕಿ. ಖಾಲಿ ಸ್ಯಾಂಪಲ್‌ಗಳನ್ನು ಸೊನ್ನೆ ಅಂತ ಮಾತ್ರ ತುಂಬಬೇಡಿ. ಸ್ಕ್ರೀನಿನ ಮೂಲೆಗೆ ದೊಡ್ಡ ಸಕೇಡ್ ಹೋದಂತೆ ಕಾಣುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಬೆಳಗ್ಗಿನ ಡೇಟಾ ಈಗ ಚೆನ್ನಾಗಿದೆ. ಮಧ್ಯಾಹ್ನದ ನಂತರದ್ದು ಇನ್ನೂ ಹಾಗೇ ಇದೆ. ಮತ್ತೆ, ಮಲಯಾಳಕ್ಕೆ ಬೇರೆ ಮಿತಿ ಇಡಬೇಕಾ?

ಉತ್ತರ (ಮಂಜೇಶ್ವರದಿಂದ)

ಕೋಣೆಯ ಕಿಟಕಿ ಪಡುವಣಕ್ಕಿದೆಯಾ? ಟ್ರ್ಯಾಕರ್ ಕೆಲಸ ಮಾಡುವುದೇ ಇನ್‌ಫ್ರಾರೆಡ್ ಬೆಳಕಿನಲ್ಲಿ. ಬಿಸಿಲಿನಲ್ಲೂ ಅದು ಧಾರಾಳ. ದಪ್ಪ ಪರದೆ ಹಾಕಿ, ಎಲ್‌ಇಡಿ ಟ್ಯೂಬ್‌ಲೈಟ್ ಉರಿಸಿ. ಈ ತೊಂದರೆಯನ್ನು ಕೋಡಿನಿಂದ ಸರಿಮಾಡಲು ಆಗುವುದಿಲ್ಲ.

ಭಾಷೆಗೊಂದು ಮಿತಿ ಖಂಡಿತ ಬೇಡ. ಹಾಗೆ ಮಾಡಿದರೆ ಕೊನೆಗೆ ಕಾಣುವ ವ್ಯತ್ಯಾಸ ಓದಿನದ್ದೋ ನಿಮ್ಮ ಮಿತಿಯದ್ದೋ ಹೇಳಲಾಗದು. ಆದರೆ ಫಿಕ್ಸೇಶನ್ ಯಾವ ಸಾಲಿನದ್ದು ಅಂತ ಗುರುತಿಸುವಾಗ ಒತ್ತಕ್ಷರ ಮರೆಯಬೇಡಿ. ಅವು ಸಾಲಿನ ಕೆಳಗೆ ಇಳಿಯುತ್ತವೆ, ಸಾಲಿನ ಸುತ್ತ ಗುರುತಿಸುವ ಪೆಟ್ಟಿಗೆಯನ್ನು ಅಲ್ಲಿಯವರೆಗೆ ಎಳೆಯಿರಿ.

ಎರಡೂ ಭಾಷೆಯಿಂದ ಒಂದೊಂದು ನಿಮಿಷದ ಡೇಟಾ ತೆಗೆದು ನೀವೇ ಕೈಯಾರೆ ಗುರುತು ಹಾಕಿ, ಮೆಥಡ್‌ನ ಉತ್ತರದ ಜೊತೆ ಹೋಲಿಸಿ. ಎಲ್ಲಿ ಹೊಂದುವುದಿಲ್ಲವೋ ಆ ಭಾಗದ ಗ್ರಾಫ್ ಇಲ್ಲಿ ಹಾಕಿ, ನೋಡೋಣ.