ಹಳ್ಳಿಯ ಪ್ರೌಢಶಾಲಾ ಮಕ್ಕಳಿಗೆ ಸ್ವಯಂಸೇವಕರಾಗಿ ಮಾರ್ಗದರ್ಶನ ಮಾಡುವುದು ಹೇಗೆ?

ಪ್ರಶ್ನೆ (ತಿಪಟೂರು ತಾಲ್ಲೂಕಿನಿಂದ)

ಮಾನ್ಯರೇ, ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಪ್ರೌಢಶಾಲೆಯ ಮಕ್ಕಳೊಂದಿಗೆ ಕುಳಿತು, ಮುಂದೆ ಏನು ಓದಬೇಕು, ಹೇಗೆ ಓದಬೇಕು ಎಂಬುದರಲ್ಲಿ ನೆರವಾಗಬೇಕೆಂದು ಊರಿನ ನಾಲ್ಕೈದು ಪದವೀಧರರು ಯೋಚಿಸಿದ್ದೇವೆ. ಇಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದವರು ಗೆಳೆಯರು ಎಲ್ಲಿ ಸೇರಿದರೋ ಅಲ್ಲಿಗೇ ಸೇರುತ್ತಾರೆ. ಫೇಲಾದವರು ಗಾರ್ಮೆಂಟ್ಸ್‌ಗೋ ತೋಟದ ಕೂಲಿಗೋ ಹೋಗಿಬಿಡುತ್ತಾರೆ. ನಮ್ಮಲ್ಲಿ ಯಾರೂ ಶಿಕ್ಷಕರಲ್ಲ. ಎಲ್ಲಿಂದ ಆರಂಭಿಸಬೇಕು, ಯಾವುದರಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಮುಖ್ಯಶಿಕ್ಷಕಿ, ಹಾಸನ)

ಶಿಕ್ಷಕರಲ್ಲ ಎಂಬುದು ಕೊರತೆಯೇ ಅಲ್ಲ. ಪಾಠ ಹೇಳುವುದಕ್ಕೆ ಶಾಲೆಯಿದೆ. ಮಗುವಿಗೆ ಸಲ್ಲಬೇಕಾದ ಸೌಲಭ್ಯವು ಕಾಗದಪತ್ರಗಳ ತೊಡಕಿನಿಂದ ತಪ್ಪಿಹೋಗದಂತೆ ನೋಡಿಕೊಳ್ಳುವವರು ಮಾತ್ರ ಹಳ್ಳಿಯಲ್ಲಿ ವಿರಳ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದಿದ್ದು ಆಧಾರ್‌ನಲ್ಲಿ ಹಿಂದಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ವಿದ್ಯಾರ್ಥಿವೇತನ ಜಮೆಯಾಗದಿರುವುದು, ಇಂಥವನ್ನು ಮೊದಲ ವಾರಗಳಲ್ಲಿಯೇ ಒಬ್ಬೊಬ್ಬರ ಕಾಗದ ಬಿಡಿಸಿ ನೋಡಿ ಸರಿಪಡಿಸಿ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಮೀಸಲಾತಿಯಿದೆ. ಅದರ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕಾಗುವುದರಿಂದ ಕೊನೆಯ ಗಳಿಗೆಯವರೆಗೆ ಕಾಯಬೇಡಿ.

ಇನ್ನೊಂದು ಮಾತು. ಎಂಟನೇ ತರಗತಿಯವರನ್ನೂ ಸೇರಿಸಿಕೊಳ್ಳಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಬರೆಯುವ ಎನ್‌ಎಂಎಂಎಸ್ ಎಂಬ ರಾಷ್ಟ್ರೀಯ ವಿದ್ಯಾರ್ಥಿವೇತನ ಪರೀಕ್ಷೆ ಎಂಟರಲ್ಲಿಯೇ ಇದ್ದು, ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಹೆಣ್ಣುಮಕ್ಕಳನ್ನು ಓದು ಬಿಡಿಸುವ ಮಾತು ಬಂದಾಗ, ಈ ಹಣ ಎಷ್ಟೋ ತಂದೆತಾಯಿಯರ ಮನಸ್ಸು ಬದಲಿಸಿದ್ದನ್ನು ನಾನು ಕಂಡಿದ್ದೇನೆ.

ಉತ್ತರ 2 (ಐಟಿಐ ತರಬೇತಿದಾರ, ದಾವಣಗೆರೆ)

ಮೇಡಂ ಹೇಳಿದ್ದೆಲ್ಲ ಸರಿ. ಆದರೆ ಫೇಲಾದ ಮಕ್ಕಳು ತಾವಾಗಿ ಗ್ರಂಥಾಲಯಕ್ಕೆ ಬರುವುದಿಲ್ಲ. ಫಲಿತಾಂಶ ಬಂದ ವಾರವೇ ನೀವು ಅವರ ಮನೆಗೆ ಹೋಗಬೇಕು. ಅದೇ ವರ್ಷ ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಕಾಶವಿದೆ; ಆದರೆ ಮಗು ಒಮ್ಮೆ ಕೂಲಿಗೆ ಹೋಗಲಾರಂಭಿಸಿದರೆ ಹಿಂದಕ್ಕೆ ಕರೆತರುವುದು ಬಹಳ ಕಷ್ಟ. ಐಟಿಐ ಎಂದರೆ ಓದು ಅಲ್ಲಿಗೇ ಮುಗಿಯಿತೆಂದು ಪೋಷಕರು ತಿಳಿದಿರುತ್ತಾರೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು ಎಂಬುದನ್ನು ಮಗುವಿಗೆ ಮಾತ್ರವಲ್ಲ, ಪೋಷಕರಿಗೂ ವಿವರಿಸಿ.

ಉತ್ತರ 3 (ಮಕ್ಕಳ ರಕ್ಷಣಾ ಕ್ಷೇತ್ರದ ಕಾರ್ಯಕರ್ತೆ, ಧಾರವಾಡ)

ಎಚ್ಚರಿಕೆಯ ಬಗ್ಗೆಯೂ ಕೇಳಿದ್ದೀರಿ. ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ; ಬಾಗಿಲು ತೆರೆದ ಕೊಠಡಿಯಲ್ಲಿ, ಕನಿಷ್ಠ ಇಬ್ಬರು ಹಿರಿಯರು ಇರುವಾಗಲೇ ಭೇಟಿಗಳು ನಡೆಯಲಿ; ಸಂದೇಶಗಳು ಪೋಷಕರ ಮೊಬೈಲ್‌ಗೆ ಹೋಗಲಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಪ್ರತಿಯೊಬ್ಬರ ಕರ್ತವ್ಯ. ಊರಿನ ಮರ್ಯಾದೆಯ ಹೆಸರಿನಲ್ಲಿ ಯಾರೂ ಅದನ್ನು ಮುಚ್ಚಿಡಕೂಡದು. ನಿಮ್ಮಲ್ಲಿ ಯಾರಾದರೂ ಕೆಲಸಕ್ಕಾಗಿ ಊರು ಬಿಡಬೇಕಾದರೆ, ಮಕ್ಕಳಿಗೆ ಮುಂಚಿತವಾಗಿ ತಿಳಿಸಿ, ತಮ್ಮ ಜಾಗಕ್ಕೆ ಬರುವವರನ್ನು ಪರಿಚಯಿಸಿಯೇ ಹೊರಡಲಿ.