ಸಹಾಯ ಬೇಕು: ಪುಟ್ಟ ಮಗುವಿಗೆ ರಟ್ಟಿನ ಕನ್ನಡ ಪುಸ್ತಕ

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವರು. ಮಗಳಿಗೆ ಒಂದೂವರೆ ವರ್ಷ. ರಾತ್ರಿ ಮಲಗುವ ಮುಂಚೆ ಪುಸ್ತಕ ಓದಿ ಹೇಳುತ್ತೇವೆ. ಅವಳಿಗೆ ಕಥೆಗಿಂತ ಪುಟ ತಿರುವುವುದೇ ಜಾಸ್ತಿ ಖುಷಿ. ದನದ ಚಿತ್ರ ಬಂದರೆ "ಅಂಬಾ" ಅಂತ ಬೆರಳಿಟ್ಟು, ಅದೇ ಪುಟ ಮತ್ತೆ ಮತ್ತೆ ಓದಿಸುತ್ತಾಳೆ. ತೆಳು ಕಾಗದದ್ದೆಲ್ಲ ಹರಿದು ಬಾಯಿಗೆ ಹೋಗಿದೆ.

ಇಲ್ಲಿ ನಾವು ನೋಡಿದ ಅಂಗಡಿಗಳಲ್ಲಿ ಮಲಯಾಳಂ, ಇಂಗ್ಲಿಷ್ ಪುಸ್ತಕ ಮಾತ್ರ. ಮಲಯಾಳಂ ಹೇಗೂ ಕಲಿಯುತ್ತಾಳೆ, ಕಲಿಯಲಿ. ಮನೆಯಲ್ಲಾದರೂ ಕನ್ನಡ ಕಿವಿಗೆ ಬೀಳಬೇಕು ಅಲ್ವಾ? ಸ್ಟೋರಿವೀವರ್‌ ಎಂಬ ಜಾಲತಾಣದಲ್ಲಿ ಉಚಿತ ಕನ್ನಡ ಕಥೆಗಳಿವೆ. ಆದರೆ ಎರಡು ವರ್ಷದವರೆಗೆ ಸ್ಕ್ರೀನ್ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ, ನಮಗೂ ಮೊಬೈಲ್ ಕೊಡಲು ಮನಸ್ಸಿಲ್ಲ.

ದಪ್ಪ ರಟ್ಟಿನ, ಪುಟಕ್ಕೆ ಒಂದೆರಡು ಸಾಲಿರುವ ಪುಸ್ತಕ ಮಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಅಂಚೆಯಲ್ಲಿ ಕಳಿಸುವವರಿದ್ದರೂ ಹೇಳಿ. ನಿಮ್ಮ ಮಕ್ಕಳು ಓದಿ ಬಿಟ್ಟದ್ದೂ ಆದೀತು, ಮೂಲೆ ಕಚ್ಚಿದ್ದರೂ ಪರವಾಗಿಲ್ಲ.