ಹಳೆಯ ರೋಡ್ ಬೈಕ್‌ನ ಭಾಗಗಳು: ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬದಲಿಸಬೇಕು?

ಪ್ರಶ್ನೆ

ನನ್ನ ಸೋದರಮಾವ ಕಾಲೇಜು ದಿನಗಳಲ್ಲಿ ಓಡಿಸುತ್ತಿದ್ದ ರೋಡ್ ಬೈಕ್ ಬಹಳ ವರ್ಷ ಮೂಲೆಯಲ್ಲೇ ನಿಂತಿದ್ದು, ಈಗ ನನ್ನ ಕೈಗೆ ಬಂದಿದೆ. ಅದರ ಫ್ರೇಮ್ ಉಕ್ಕಿನದು, ಗೇರ್ ಲಿವರ್‌ಗಳು ಡೌನ್‌ಟ್ಯೂಬ್ (ಫ್ರೇಮ್‌ನ ಕೆಳಗಿನ ಓರೆ ಕೊಳವೆ) ಮೇಲಿವೆ, ಹಿಂದಿನ ಗಾಲಿಯಲ್ಲಿ ಆರು ಗೇರ್‌ಗಳ ಫ್ರೀವೀಲ್ (ಹಲ್ಲುಚಕ್ರಗಳ ಗುಚ್ಛ) ಇದೆ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಡಿರೇಲರ್ (ಚೈನ್ ಅನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಭಾಗ), ಬ್ರೇಕ್ ಎಲ್ಲವನ್ನೂ ಕಪ್ಪು ಜಿಡ್ಡು ಮುಚ್ಚಿದೆ. ಗಾಲಿ ತಿರುಗಿಸಿದರೆ ಅದರ ನಡುಭಾಗವಾದ ಹಬ್‌ನ ಒಳಗಿನಿಂದ ಮರಳು ಅರೆದಂತಹ ಸದ್ದು ಬರುತ್ತದೆ. ಸೀಟ್‌ಪೋಸ್ಟ್ (ಸೀಟನ್ನು ಹೊರುವ ಕೊಳವೆ) ಎಷ್ಟು ಎಳೆದರೂ ಕದಲುತ್ತಿಲ್ಲ. ಮೂಲ ಭಾಗಗಳನ್ನು ಆದಷ್ಟು ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಯಾವುದರಿಂದ ತೊಳೆಯಬೇಕು ಎಂದು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

ಹೊಳಪಿನ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಬೈಕ್ ಉಳಿಯುತ್ತದೆಯೇ ಎಂಬುದು ಹೊರಗೆ ಕಾಣದ ಬೇರಿಂಗ್‌ಗಳಲ್ಲಿ ತೀರ್ಮಾನವಾಗುತ್ತದೆಯಾದ್ದರಿಂದ ಹಬ್‌ಗಳನ್ನೇ ಮೊದಲು ಬಿಚ್ಚುವುದು ಒಳ್ಳೆಯದು. ಬಿಚ್ಚುವಾಗ ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆದಿಡಿ. ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಎಂಬುದು ಎರಡು ವಾರದ ನಂತರ ಯಾರಿಗೂ ನೆನಪಿರುವುದಿಲ್ಲ.

ಹಿಂದಿನ ಹಬ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಬದಿಗೆ 1/4 ಇಂಚಿನ 9 ಬಾಲ್‌ಗಳೂ, ಮುಂದಿನ ಹಬ್‌ನಲ್ಲಿ 3/16 ಇಂಚಿನ 10 ಬಾಲ್‌ಗಳೂ ಇರುತ್ತವೆ. ಕೆಲವು ತಯಾರಿಕೆಗಳಲ್ಲಿ ಅಳತೆ ಬೇರೆ ಇರುವುದರಿಂದ ನಿಮ್ಮ ಹಬ್‌ನಲ್ಲಿ ಇದ್ದದ್ದನ್ನು ಎಣಿಸಿ, ಅಳೆದು ಬರೆದಿಟ್ಟುಕೊಳ್ಳಿ. ಹಳೆಯ ಬಾಲ್‌ಗಳು ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ. ಕೋನ್ (ಆಕ್ಸಲ್, ಅಂದರೆ ಗಾಲಿಯ ಅಚ್ಚಿನ ಮೇಲೆ ತಿರುಪಿ ಕೂರಿಸುವ ಶಂಕುವಿನಾಕಾರದ ಭಾಗ) ಮತ್ತು ಕಪ್‌ಗಳನ್ನು (ಹಬ್‌ನೊಳಗೆ ಬಾಲ್‌ಗಳು ಉರುಳುವ ಬಟ್ಟಲುಗಳು) ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿ. ಆಮೇಲೆ ಕೋನ್ ಅನ್ನು ಬೆಳಕಿಗೆ ಓರೆಯಾಗಿ ಹಿಡಿದು, ಬಾಲ್ ಉರುಳಿ ಮೂಡಿರುವ ಹೊಳೆಯುವ ಪಟ್ಟಿಯ ಮೇಲೆ ಬಾಲ್‌ಪೆನ್ನಿನ ತುದಿಯನ್ನು ಮೆಲ್ಲಗೆ ಎಳೆಯಿರಿ. ಪೆನ್ನು ನುಣ್ಣಗೆ ಜಾರಿದರೆ ಕೋನ್ ಸರಿಯಾಗಿದೆ. ಅಲ್ಲಲ್ಲಿ ತಡೆದರೆ ಉಕ್ಕಿನ ಮೇಲ್ಪದರ ಎದ್ದು ಗುಳಿ ಬಿದ್ದಿದೆ ಎಂದರ್ಥ. ಅದನ್ನು ಉಜ್ಜಿ ಸರಿಪಡಿಸಲು ಆಗುವುದಿಲ್ಲ, ಬದಲಿಸಲೇಬೇಕು. ಕೋನ್ ಬದಲಿಸುವುದು ಸುಲಭ. ಹಬ್‌ನ ಒಳಗಿನ ಕಪ್ಪಿನಲ್ಲೇ ಗುಳಿಗಳಿದ್ದರೆ ಮಾತ್ರ ಹಬ್ ಅನ್ನೇ ಬದಲಿಸುವ ಬಗ್ಗೆ ಯೋಚಿಸಬೇಕಾಗುತ್ತದೆ.

ಮರುಜೋಡಣೆಯಲ್ಲಿ ಗ್ರೀಸ್‌ಗೆ ಜಿಪುಣತನ ಬೇಡ. ಗಾಲಿಗೆ ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಲಿವರ್‌ನಿಂದಲೇ ಗಾಲಿ ಬಿಗಿಯುವ ವ್ಯವಸ್ಥೆ) ಇದ್ದರೆ, ಗಾಲಿ ಕೈಯಲ್ಲಿರುವಾಗ ಆಕ್ಸಲ್ ಕೂದಲೆಳೆಯಷ್ಟು ಆಡುವಂತೆ ಕೋನ್ ಬಿಗಿಯಿರಿ. ಲಿವರ್ ಮುಚ್ಚಿದಾಗ ಆಕ್ಸಲ್ ಅಮುಕಲ್ಪಟ್ಟು ಆ ಆಟ ತಾನಾಗಿ ಹೋಗುತ್ತದೆ. ಕೈಯಲ್ಲೇ ಪೂರ್ತಿ ಬಿಗಿದರೆ ಫ್ರೇಮ್‌ಗೆ ಕೂರಿಸಿದ ಮೇಲೆ ಬೇರಿಂಗ್ ಅತಿಯಾಗಿ ಬಿಗಿದು ಹೊಸ ಬಾಲ್‌ಗಳೂ ಬೇಗ ಹಾಳಾಗುತ್ತವೆ.

ಎಡಗಡೆಯ ಪೆಡಲ್‌ಗೆ ಉಲ್ಟಾ ಮರೆ (ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುವ ತಿರುಪು) ಇರುತ್ತದೆ ಎಂಬುದನ್ನೂ ಮರೆಯಬೇಡಿ. ಬ್ರಿಟಿಷ್ ಮರೆಯ ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್‌ಗಳು ತಿರುಗುವ ಬೇರಿಂಗ್ ಜೋಡಣೆ) ಆಗಿದ್ದರೆ ಬಲಗಡೆಯ ಕಪ್ಪಿಗೂ ಉಲ್ಟಾ ಮರೆಯೇ ಇರುತ್ತದೆ. ಇಟಾಲಿಯನ್ ಮರೆಯಲ್ಲಿ ಎರಡೂ ಕಪ್ಪುಗಳು ಸಾಮಾನ್ಯ ಮರೆಯವು. ಇದನ್ನು ತಿಳಿಯದೆ ಬಲ ಹಾಕಿದವರು ಫ್ರೇಮ್ ಅನ್ನೇ ಕೆಡಿಸಿಕೊಂಡಿದ್ದಾರೆ.

ಎರಡನೆಯ ಉತ್ತರ

ತೊಳೆಯುವ ದ್ರವಗಳ ವಿಷಯದಲ್ಲಿ ಒಂದೆರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ, ಏಕೆಂದರೆ ಇಲ್ಲಿ ಆದ ತಪ್ಪನ್ನು ತಿದ್ದಲು ಬರುವುದಿಲ್ಲ. ಕಾಸ್ಟಿಕ್ ಸೋಡಾ ಇರುವ ಯಾವ ಕ್ಲೀನರನ್ನೂ ಅಲ್ಯೂಮಿನಿಯಂ ಭಾಗಗಳಿಗೆ ತಾಗಿಸಬೇಡಿ. ಅದು ಆನೊಡೈಸ್ ಮಾಡಿದ (ವಿದ್ಯುತ್ತಿನಿಂದ ರೂಪಿಸಿದ ರಕ್ಷಣಾ) ಪದರವನ್ನೂ ಅದರ ಕೆಳಗಿನ ಲೋಹವನ್ನೂ ತಿನ್ನುತ್ತದೆ. ನಾನು ಒಮ್ಮೆ ಒಂದು ಜೊತೆ ಬ್ರೇಕ್ ಲಿವರ್‌ಗಳನ್ನು ಅಂತಹ ದ್ರವದಲ್ಲಿ ಹತ್ತೇ ನಿಮಿಷ ನೆನೆಹಾಕಿದ್ದೆ. ಹೊರತೆಗೆದಾಗ ಅವು ಸೀಮೆಸುಣ್ಣದ ಹಾಗೆ ಮಂಕಾಗಿದ್ದವು. ಜಿಡ್ಡಿಗೆ ಸೀಮೆಎಣ್ಣೆಯೂ, ನಂತರ ಪಾತ್ರೆ ತೊಳೆಯುವ ಸೋಪಿನ ನೀರೂ ಸಾಕು. ಪೆಟ್ರೋಲ್ ಬಳಸಲೇಬೇಡಿ, ಅದರ ಆವಿಗೆ ಬೆಂಕಿ ತಗಲುವ ಅಪಾಯ ಬಹಳ ಹೆಚ್ಚು.

ಕ್ರೋಮ್ ಮೇಲಿನ ತುಕ್ಕಿನ ಚುಕ್ಕೆಗಳನ್ನು ನೀರಿನಲ್ಲಿ ಅದ್ದಿದ ಅಲ್ಯೂಮಿನಿಯಂ ಫಾಯಿಲ್ ಉಂಡೆಯಿಂದ ಉಜ್ಜಿದರೆ ಕ್ರೋಮ್‌ಗೆ ಗೀರು ಬೀಳದೆ ತುಕ್ಕು ಹೋಗುತ್ತದೆ. ಚೈನ್ ಅನ್ನು ಮಾತ್ರ ಆಮ್ಲದಲ್ಲಿ, ವಿನೆಗರ್‌ನಲ್ಲಿ ಕೂಡ, ನೆನೆಸಬೇಡಿ. ಗಡಸು ಉಕ್ಕು ಹೈಡ್ರೋಜನ್ ಹೀರಿಕೊಂಡು ಪೆಡಸಾಗಿ ಮುರಿಯಬಹುದು. ಅಳೆದು ನೋಡುವುದೇ ಸರಿ: ಹೊಸ ಚೈನ್‌ನಲ್ಲಿ ಒಂದು ಪಿನ್ನಿನಿಂದ ಅದರ ನಂತರದ 24ನೆಯ ಪಿನ್ನಿನವರೆಗಿನ ಅಂತರ ಕರಾರುವಾಕ್ಕಾಗಿ 12 ಇಂಚು ಇರುತ್ತದೆ. ಅದು 1/16 ಇಂಚು ಹೆಚ್ಚಾಗಿದ್ದರೆ ಚೈನ್ ಬದಲಿಸಿ. 1/8 ಇಂಚು ಹೆಚ್ಚಾಗಿದ್ದರೆ ಫ್ರೀವೀಲ್‌ನ ಹಲ್ಲುಗಳೂ ಸವೆದಿರುವ ಸಾಧ್ಯತೆಯೇ ಹೆಚ್ಚು, ಹೊಸ ಚೈನ್ ಅದರ ಮೇಲೆ ಜಾರುತ್ತದೆ.

ಬ್ರೇಕ್ ಕೇಬಲ್ ಮತ್ತು ಬ್ರೇಕ್ ಬ್ಲಾಕ್‌ಗಳನ್ನು ಮೂಲ ಭಾಗಗಳೆಂಬ ಮಮತೆಯಿಂದ ಉಳಿಸಿಕೊಳ್ಳಬೇಡಿ. ವರ್ಷಗಟ್ಟಲೆ ನಿಂತ ರಬ್ಬರ್ ಕಲ್ಲಿನಂತಾಗಿರುತ್ತದೆ. ಹ್ಯಾಂಡಲ್‌ಬಾರ್ ಮತ್ತು ಅದನ್ನು ಹಿಡಿದಿಡುವ ಸ್ಟೆಮ್ ಸೇರುವ ಜಾಗವನ್ನೂ, ಕ್ರ್ಯಾಂಕ್‌ಗೆ ಪೆಡಲ್ ಸೇರುವ ಕಣ್ಣಿನ ಸುತ್ತಲೂ ಚೆನ್ನಾಗಿ ಒರೆಸಿ ನೋಡಿ; ಕೂದಲಿನಂತಹ ಬಿರುಕು ಕಂಡರೂ ಆ ಭಾಗವನ್ನು ಬಳಸಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಿಂದಿನ ಹಬ್‌ನ ಬಲಗಡೆಯ ಕೋನ್‌ನಲ್ಲಿ ಪೆನ್ನು ಮೂರು ಕಡೆ ತಡೆಯಿತು, ಆದರೆ ಕಪ್ಪುಗಳು ನುಣ್ಣಗಿವೆ. ಸೀಟ್‌ಪೋಸ್ಟ್ ಮಾತ್ರ ಇನ್ನೂ ಹಾಗೆಯೇ ಇದೆ. ಸುತ್ತಿಗೆಯಿಂದ ಬಡಿಯಬಹುದೇ?

ಮೂರನೆಯ ಉತ್ತರ

ದಯವಿಟ್ಟು ಬಡಿಯಬೇಡಿ. ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಕೂತು, ನಡುವೆ ಬೆವರು, ಮಳೆನೀರು ಸೇರಿದರೆ ಅಲ್ಯೂಮಿನಿಯಂ ಕೊರೆದು ಬಿಳಿಯ ಪುಡಿಯಾಗಿ ಉಬ್ಬಿಕೊಳ್ಳುತ್ತದೆ. ಆ ಪುಡಿಯೇ ಈಗ ನಿಮ್ಮ ಸೀಟ್‌ಪೋಸ್ಟನ್ನು ಕಚ್ಚಿಹಿಡಿದಿರುವುದು. ಬೋಲ್ಟ್ ಪೂರ್ತಿ ತೆಗೆದು, ಬೈಕ್ ತಲೆಕೆಳಗು ಮಾಡಿ, ಬಾಟಮ್ ಬ್ರ್ಯಾಕೆಟ್ ಬಿಚ್ಚಿದ ಜಾಗದಿಂದ ಸೀಟ್ ಟ್ಯೂಬ್‌ನೊಳಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಡಿ. ಎರಡು ಮೂರು ದಿನ ಹಾಗೆಯೇ ನಿಲ್ಲಿಸಿ, ದಿನಕ್ಕೊಮ್ಮೆ ಮತ್ತೆ ಎಣ್ಣೆ ಹಾಕಿ. ನಂತರ ಬೈಕ್ ನೆಟ್ಟಗೆ ನಿಲ್ಲಿಸಿ, ಗಟ್ಟಿಯಾದ ಹಳೆಯ ಸೀಟೊಂದನ್ನು ಬಿಗಿದು, ಅದನ್ನು ಹಿಡಿದು ತಿರುಚಿ. ಮೇಲಕ್ಕೆ ಎಳೆಯುವುದು ಆಮೇಲಿನ ಮಾತು. ಒಮ್ಮೆ ಅದು ತಿರುಗಿತೆಂದರೆ ಹೊರಬರುವುದೂ ಖಚಿತ. ಫ್ರೇಮ್ ಕಾಯಿಸುವುದು ಬೇಡ, ಏಕೆಂದರೆ ಶಾಖಕ್ಕೆ ಉಕ್ಕಿಗಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಬಣ್ಣವೂ ಸುಡುತ್ತದೆ. ಅದೇ ಕಾರಣಕ್ಕೆ ಸೀಟ್‌ಪೋಸ್ಟ್‌ಗೆ ಮಂಜುಗಡ್ಡೆ ಕಟ್ಟಿ ತಣ್ಣಗಾಗಿಸಿದರೆ ಅನುಕೂಲವಾಗುತ್ತದೆ.

ಹೊರಬಂದ ಮೇಲೆ ಅದರ ಮೇಲೆ ಒತ್ತಿರುವ ಅಳತೆಯನ್ನು ನೋಡಿ. ಸೀಟ್‌ಪೋಸ್ಟ್‌ಗಳು 26.8, 27.0, 27.2 ಮಿ.ಮೀ. ಹೀಗೆ 0.2 ಮಿ.ಮೀ. ಅಂತರದಲ್ಲಿ ಬರುವುದರಿಂದ ಕಣ್ಣಳತೆಯಿಂದ ಬೇರೊಂದನ್ನು ತಂದು ಹಾಕಲು ಆಗುವುದಿಲ್ಲ. ಕೊಳವೆಯ ಒಳಗನ್ನು ಬಟ್ಟೆಯಿಂದ ಒರೆಸಿ, ಮತ್ತೆ ಕೂರಿಸುವ ಮುನ್ನ ಸೀಟ್‌ಪೋಸ್ಟ್‌ಗೆ ತೆಳುವಾಗಿ ಗ್ರೀಸ್ ಸವರಿ, ವರ್ಷಕ್ಕೊಮ್ಮೆ ತೆಗೆದು ಮತ್ತೆ ಸವರುತ್ತಿರಿ.